ವೈದ್ಯಶಾಲೆಯ ಲೆಕ್ಕವೂ ದಾಸೋಹದ ಧರ್ಮವೂ

(ಮಠದ ಮಹೋತ್ಸವದ ನಿಮಿತ್ತವಾಗಿ ಮಲ್ಪೆಯಲ್ಲಿ ನೆರೆದ ಭಕ್ತಮಂಡಲಿಯ ಸಭೆಯಲ್ಲಿ ಮಾಡಿದ ಭಾಷಣ)



ಮಲ್ಪೆಯ ಬಂದರದಲ್ಲಿ ಬೆಳಗಿನ ಜಾವ ನಡೆಯುವ ಮೀನಿನ ಏಲಮನ್ನು ಈ ಸಭೆಯಲ್ಲಿ ಕುಳಿತಿರುವವರಲ್ಲಿ ಬಹುಜನರು ದಿನವೂ ಕಾಣುತ್ತಿರುವರು. ಬೋಟು ಧಕ್ಕೆಗೆ ತಾಗಿದೊಡನೆ ಬುಟ್ಟಿಗಳು ಇಳಿಯುತ್ತವೆ. ಮೀನು ಎಂಥದು, ಎಷ್ಟು, ಹಿಡಿದು ಎಷ್ಟು ಹೊತ್ತಾಯಿತು ಎಂಬುದೆಲ್ಲವೂ ಹತ್ತು ಜನರ ಕಣ್ಣೆದುರಿನಲ್ಲಿಯೇ ನಿರ್ಣಯವಾಗುತ್ತದೆ. ಕೊಳ್ಳುವವಳು ಕಿವಿರನ್ನು ಎತ್ತಿ ನೋಡುವಳು. ಮಾರುವವನು ಅದರಿಂದ ತನಗೆ ಅವಮಾನವಾಯಿತೆಂದು ಕೋಪಗೊಳ್ಳುವುದಿಲ್ಲ. ಕಡಲಿಗೆ ಹೋದ ಬೋಟಿನ ಹೆಸರೇನು, ತಾಂಡೇಲನು ಯಾರು, ಕಲಾಸಿಗಳು ಎಷ್ಟು ಮಂದಿ ಎಂಬ ಲೆಕ್ಕವೂ ಬಂದರಕ್ಕೆಲ್ಲ ತಿಳಿದಿರುವುದು. 2018ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ‘ಸುವರ್ಣ ತ್ರಿಭುಜ’ವೆಂಬ ಬೋಟು ಏಳು ಮಂದಿಯೊಡನೆ ಇಲ್ಲಿಂದ ಹೊರಟು ಕಾಣೆಯಾದಾಗ, ಆ ಏಳು ಜೀವಗಳ ಲೆಕ್ಕವನ್ನು ಈ ಊರು ಮರೆಯಲಿಲ್ಲ. ಸಹಸ್ರಾರು ಜನ ಬೀದಿಗಿಳಿದು ಸರಕಾರವನ್ನು ಕೇಳಿದರು. ಕಡೆಗೆ 2019ನೆಯ ಮೇ ತಿಂಗಳಲ್ಲಿ ನೌಕಾದಳದ ಹಡಗು ಮಾಲವಣದ ಸಮೀಪ ಸಮುದ್ರದ ತಳದಲ್ಲಿ ಆ ಬೋಟಿನ ಅವಶೇಷವನ್ನು ಕಂಡುಹಿಡಿಯಿತು. ಬಂದ ಸುದ್ದಿ ದುಃಖದ ಸುದ್ದಿಯೇ ಆಗಿದ್ದಿತು; ಆದರೂ ಏನಾಯಿತೆಂಬುದನ್ನು ತಿಳಿಯುವ ಹಕ್ಕು ತಮಗಿಲ್ಲವೆಂದು ಯಾರೂ ಅವರಿಗೆ ಹೇಳಲಿಲ್ಲ.

ಹೀಗೆ ಸಕಲವೂ ಎಣಿಕೆಗೆ ಒಳಪಟ್ಟಿರುವ ಈ ಊರಿನಲ್ಲಿ ಒಂದು ಲೆಕ್ಕ ಮಾತ್ರ ಸಾಮಾನ್ಯರ ಕೈಗೆ ಸಿಕ್ಕುವುದಿಲ್ಲ. ಕೊಪ್ಪಳ, ಗದಗ, ಬಾಗಲಕೋಟೆಗಳ ಸೀಮೆಯಿಂದ ಹೊಟ್ಟೆಯ ಪಾಡಿಗಾಗಿ ಇಲ್ಲಿಗೆ ಬಂದು ಬುಟ್ಟಿ ಹೊರುವ, ಬಲೆ ಎಳೆಯುವ ಮಂದಿ ಬಹಳವಿದ್ದಾರೆ. ಅಂಥವನೊಬ್ಬನ ಹೆಂಡತಿಗೆ ನಡುರಾತ್ರಿಯಲ್ಲಿ ಹೆರಿಗೆಯ ಬೇನೆ ತೋರಿತೆಂದು ಭಾವಿಸಿರಿ. ಅವಳನ್ನು ಯಾವ ಆಸ್ಪತ್ರೆಗೆ ಕರೆದೊಯ್ಯಬೇಕು? ಆತನು ಆಟೋರಿಕ್ಷಾದವನನ್ನು ಕೇಳುವನು. ಇಲ್ಲವೆ ಪಕ್ಕದ ಮನೆಯ ಅಕ್ಕನನ್ನು ಎಬ್ಬಿಸುವನು. ಒಂದು ಕಡೆ ಕಟ್ಟಡ ಚೆನ್ನಾಗಿದೆ, ಇನ್ನೊಂದು ಕಡೆ ದುಡ್ಡು ಕಡಿಮೆ, ಮತ್ತೊಂದು ಕಡೆ ಡಾಕ್ಟರರ ಮಾತು ಸೌಮ್ಯ ಎಂಬಿಷ್ಟೇ ಉತ್ತರ. ಅಲ್ಲಿ ಕಳೆದ ವರುಷ ಹೆತ್ತ ತಾಯಂದಿರು ಎಷ್ಟು ಮಂದಿ, ಅವರಲ್ಲಿ ಸುಖವಾಗಿ ಮನೆಗೆ ಹೋದವರೆಷ್ಟು, ನಂಜೇರಿದವರೆಷ್ಟು, ಕೂಸು ಉಳಿಯದೆ ಹೋದದ್ದೆಷ್ಟು ಎಂಬುದನ್ನು ಆ ನೆರೆಯವಳೂ ಅರಿಯಳು, ಆಟೋದವನೂ ಅರಿಯನು. ಮೀನಿನ ಕಿವಿರನ್ನು ನೋಡಿ ಕೊಳ್ಳುವ ಜನ ಪ್ರಾಣದ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡು ಹೋಗಬೇಕಾಗಿದೆ.

ಉಡುಪಿಯ ಸೀಮೆಯಲ್ಲಿ ಆಸ್ಪತ್ರೆಗಳು ಇಲ್ಲದ್ದರಿಂದ ಈ ಸ್ಥಿತಿ ಬಂದದ್ದಲ್ಲ. 1923ರಲ್ಲಿಯೇ ಬಾಸೆಲ್ ಮಿಶನ್ನಿನ ಈವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆಯು ಉಡುಪಿಯಲ್ಲಿ ಸ್ತ್ರೀಯರಿಗಾಗಿಯೂ ಮಕ್ಕಳಿಗಾಗಿಯೂ ಚಿಕಿತ್ಸೆಯನ್ನು ಆರಂಭಿಸಿದಳು. ಅವಳ ಹೆಸರಿನ ಆಸ್ಪತ್ರೆಯನ್ನು ಜನರು ಇಂದಿಗೂ ಮಿಶನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ದಾನಶೂರರೆಂದು ಹೆಸರಾದ ಹಾಜಿ ಅಬ್ದುಲ್ಲಾ ಸಾಹೇಬರು ಕೊಟ್ಟ ಸ್ಥಳದಲ್ಲಿ ತಾಯಿ ಮಕ್ಕಳ ಸರಕಾರಿ ಆಸ್ಪತ್ರೆ ನಿಂತಿತು. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳವರು ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ ವೈದ್ಯಕಾಲೇಜನ್ನು ಸ್ಥಾಪಿಸಿದರು. ಬಳಿಕ ಬಂದ ಕಸ್ತೂರಬಾ ಆಸ್ಪತ್ರೆಗೆ ಘಟ್ಟದ ಮೇಲಿನ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಆಸ್ಪತ್ರೆಗಳು ವಿರಳವಾಗಿದ್ದಲ್ಲಿ ಆಯ್ಕೆಯ ಪ್ರಶ್ನೆಯೇ ಹುಟ್ಟದು. ಇಲ್ಲಿ ಹಲವಿರುವುದರಿಂದಲೇ ಆ ಪ್ರಶ್ನೆ ಹುಟ್ಟಿದೆ.

ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಡಾಕ್ಟರ್ ಪೈಗಳವರೂ ಅವರ ಅಣ್ಣಂದಿರಾದ ಉಪೇಂದ್ರ ಪೈಗಳವರೂ ಮಿತ್ರರೊಡಗೂಡಿ 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಮನುಷ್ಯನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ತೆಗೆದುಕೊಂಡು ಲೆಕ್ಕ ಬರೆದು ಹೋಗುತ್ತಿದ್ದನು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ಅದು ಕಲಿಸಿದ ಪಾಠ ಈ ಜಿಲ್ಲೆಯ ಮುದುಕಿಯರಿಗೆ ಮರೆತಿಲ್ಲ. ಮೀನು ಮಾರುವ ಬಡವಳಿಗೆ ತನ್ನ ಎರಡಾಣೆಯ ಲೆಕ್ಕ ಕೇಳುವ ಅಧಿಕಾರವಿದ್ದಿತು. ಅವಳ ಮೊಮ್ಮಗಳಿಗೆ ತನ್ನ ಪ್ರಾಣವನ್ನು ಒಪ್ಪಿಸುವ ಮನೆಯ ಲೆಕ್ಕ ಕೇಳುವ ಅಧಿಕಾರ ಏಕಿರಬಾರದು?

ಇಲ್ಲಿ ಕೆಲವು ಸಜ್ಜನರು ಒಂದು ಆಕ್ಷೇಪವನ್ನು ಎತ್ತುವುದುಂಟು. ವೈದ್ಯವೃತ್ತಿಯು ಸೇವೆ, ಸೇವೆಯನ್ನು ತಕ್ಕಡಿಯಲ್ಲಿಟ್ಟು ತೂಗುವುದು ಸೇವಕನಿಗೆ ಮಾಡುವ ಅಗೌರವ, ಧರ್ಮಾರ್ಥವಾದ ಆಸ್ಪತ್ರೆಗಳನ್ನಂತೂ ಪ್ರಶ್ನಿಸಲೇ ಕೂಡದು ಎಂದು ಅವರ ಅಭಿಪ್ರಾಯ. ಈ ಆಕ್ಷೇಪಕ್ಕೆ ಶರಣರ ಚರಿತ್ರೆಯಲ್ಲಿಯೇ ಉತ್ತರವಿದೆ. ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಕರಣಿಕರಾಗಿ ಸೇರಿ ಭಂಡಾರಿಯ ಪದವಿಗೆ ಏರಿದವರು. ಅಂದರೆ ಲೆಕ್ಕ ಬರೆಯುವ ಕಾಯಕದಿಂದಲೇ ಬೆಳೆದವರು. ಅರಮನೆಯ ಹೊನ್ನನ್ನು ಜಂಗಮರಿಗೆ ಸುರಿಯುತ್ತಿರುವರೆಂದು ಕೊಂಡೆಯರು ದೂರಿದಾಗ, ತಾನು ಭಕ್ತನು, ತನ್ನನ್ನು ಶಂಕಿಸಬೇಡ ಎಂದು ಅವರು ಮೊರೆಯಿಡಲಿಲ್ಲ. ಭಂಡಾರದ ಬಾಗಿಲು ತೆರೆಯಿತು, ರಾಜನ ಸಮ್ಮುಖದಲ್ಲಿ ಎಣಿಕೆ ನಡೆಯಿತು, ಒಂದು ಹೊನ್ನೂ ಕುಂದಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಇದನ್ನು ಪವಾಡವೆಂದು ಬಣ್ಣಿಸುವವರು ಬಣ್ಣಿಸಲಿ. ಎಣಿಸಲು ಒಪ್ಪಿದರೆಂಬುದೇ ಅದರಲ್ಲಿ ಗಮನಿಸತಕ್ಕ ಅಂಶ. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವೂ ಇಂಥದೇ. ಮಾರಯ್ಯನು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿರುವುದನ್ನು ಕಂಡು, ತೆಗೆದುಕೊಂಡಲ್ಲಿಯೇ ಮರಳಿ ಸುರಿದು ಬರಬೇಕೆಂದು ಹೇಳಿದವಳು ಆಕೆ. ದಾಸೋಹವು ನಡೆಯುತ್ತಿದ್ದ ಮನೆಯಲ್ಲಿ ಅಳತೆಯ ಪ್ರಜ್ಞೆ ಇಷ್ಟು ನಿಷ್ಠುರವಾಗಿದ್ದಿತು. ಅಳೆದವಳು ಹೆಂಡತಿ, ಅಳೆಸಿಕೊಂಡವನು ಗಂಡ, ಯಾರಿಗೂ ಮಾನಹಾನಿಯಾಗಲಿಲ್ಲ.

ಆದುದರಿಂದ ಲೆಕ್ಕ ಕೇಳಬಹುದೆ ಎಂಬ ಪ್ರಶ್ನೆಯಲ್ಲಿ ಬಹಳ ಹೊತ್ತು ನಿಲ್ಲಬೇಕಾಗಿಲ್ಲ. ಏನನ್ನು ಅಳೆಯಬೇಕು ಎಂಬ ಪ್ರಶ್ನೆಯೇ ಕಠಿಣವಾದುದು.

ಕನ್ನಡದಲ್ಲಿ ‘ಗುಣ’ವೆಂಬ ಒಂದೇ ಶಬ್ದವು ವಸ್ತುವಿನ ಯೋಗ್ಯತೆಯನ್ನೂ ಹೇಳುತ್ತದೆ, ರೋಗದ ನಿವಾರಣೆಯನ್ನೂ ಹೇಳುತ್ತದೆ. ಜ್ವರ ಗುಣವಾಯಿತು ಎನ್ನುತ್ತಾರೆ, ಬಟ್ಟೆ ಗುಣವಾಗಿದೆ ಎನ್ನುತ್ತಾರೆ. ಚಿಕಿತ್ಸೆಯ ಗುಣವೆಂದರೆ ರೋಗಿಗೆ ಗುಣವಾದದ್ದೇ ಎಂದು ಭಾಷೆಯೇ ತೀರ್ಪು ಕೊಟ್ಟಂತಿದೆ. ಆದರೆ ಲೋಕದ ರೂಢಿಯಲ್ಲಿ ಅಳೆಯುವುದು ಬೇರೆಯದನ್ನು. ಧರ್ಮಸಂಸ್ಥೆಗಳ ಸ್ಮರಣಸಂಪುಟಗಳನ್ನು ತೆರೆದರೆ ಅವುಗಳ ಆಸ್ಪತ್ರೆಗಳಲ್ಲಿ ಹಾಸಿಗೆಗಳು ಎಷ್ಟು, ಕಟ್ಟಡದ ಮಹಡಿಗಳು ಎಷ್ಟು, ಯಂತ್ರಕ್ಕೆ ತಗಲಿದ ಹಣವೆಷ್ಟು, ದಾನಿಗಳು ಯಾರು ಎಂಬುದೆಲ್ಲವೂ ಮುದ್ರಿತವಾಗಿರುತ್ತದೆ. ವರುಷಕ್ಕೆ ಚಿಕಿತ್ಸೆ ಪಡೆದವರು ಇಷ್ಟು ಸಾವಿರ ಎಂದೂ ಇರುತ್ತದೆ. ಪಡೆದವರಿಗೆ ಏನಾಯಿತೆಂಬ ಸಾಲು ಮಾತ್ರ ಕಾಣಸಿಗುವುದು ಬಹು ಅಪರೂಪ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ಭಾರತ ಸರಕಾರವು 2013ರಲ್ಲಿ ಸರಕಾರಿ ಆಸ್ಪತ್ರೆಗಳಿಗಾಗಿ ಹೊರಡಿಸಿದ ರಾಷ್ಟ್ರೀಯ ಗುಣಮಟ್ಟದ ಮಾನದಂಡಗಳನ್ನು ಓದಿದ ಪಂಡಿತನಿಗೆ ಈ ಷೋಡಶಗುಣಗಳ ನೆನಪಾಗದೆ ಇರದು. ಅಲ್ಲಿ ವಿಭಾಗಗಳು ಎಂಟು: ದೊರೆಯುವ ಸೇವೆಗಳು, ರೋಗಿಯ ಹಕ್ಕುಗಳು, ಸಾಮಗ್ರಿ ಮತ್ತು ಸಿಬ್ಬಂದಿ, ಪೂರಕ ವ್ಯವಸ್ಥೆ, ಚಿಕಿತ್ಸೆಯ ಕ್ರಮ, ಸೋಂಕಿನ ನಿಯಂತ್ರಣ, ಗುಣದ ನಿರ್ವಹಣೆ, ಕಡೆಯದು ಫಲ. ನೂರಕ್ಕೆ ಎಪ್ಪತ್ತು ಅಂಕಗಳು ಬಂದರೆ ಪ್ರಮಾಣಪತ್ರಕ್ಕೆ ಅರ್ಹತೆಯುಂಟು. 2015ರಲ್ಲಿ ಶುಚಿತ್ವಕ್ಕಾಗಿ ‘ಕಾಯಕಲ್ಪ’ ಎಂಬ ಬಹುಮಾನವೂ, 2017ರಲ್ಲಿ ಹೆರಿಗೆಕೋಣೆಗಳಿಗಾಗಿ ‘ಲಕ್ಷ್ಯ’ ಎಂಬ ಕಾರ್ಯಕ್ರಮವೂ ಬಂದವು. ಇವೆಲ್ಲವೂ ಶ್ಲಾಘ್ಯವಾದ ಕಾರ್ಯಗಳೇ. ಇವುಗಳ ದೆಸೆಯಿಂದ ಎಷ್ಟೋ ಹೆರಿಗೆಕೋಣೆಗಳ ರೂಪವೇ ಬದಲಾಗಿದೆ. ಆದರೆ ಗೋಡೆಯ ಮೇಲೆ ತೂಗುಹಾಕುವುದು ಪ್ರಮಾಣಪತ್ರವನ್ನು. ಎಂಟನೆಯ ವಿಭಾಗದಲ್ಲಿ ಬರೆದ ಫಲದ ಅಂಕೆಗಳು ಕಡತದಲ್ಲಿ ಉಳಿಯುತ್ತವೆ.

ಫಲದ ಅಂಕೆಯನ್ನು ಬರೆದಿಟ್ಟರೆ ಏನಾಗುವುದೆಂಬುದಕ್ಕೆ ವಿಯೆನ್ನಾ ನಗರದ ದೃಷ್ಟಾಂತವೊಂದು ಸಾಕು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯ ಶಾಲೆಗಳು ಎರಡು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. ಸರತಿಯ ದಿನಗಳಂತೆ ಗರ್ಭಿಣಿಯರನ್ನು ಅಲ್ಲಿಗೊಮ್ಮೆ ಇಲ್ಲಿಗೊಮ್ಮೆ ಸೇರಿಸುತ್ತಿದ್ದರು. 1846ರಲ್ಲಿ ಮೊದಲನೆಯ ಶಾಲೆಯಲ್ಲಿ 4010 ಹೆರಿಗೆಗಳಿಗೆ 459 ಮರಣಗಳು. ಎರಡನೆಯದರಲ್ಲಿ 3754 ಹೆರಿಗೆಗಳಿಗೆ 105. ಮೊದಲನೆಯದರ ಸರದಿ ಬಂತೆಂದು ತಿಳಿದ ಹೆಂಗಸರು ಅಧಿಕಾರಿಗಳ ಕಾಲಿಗೆ ಬಿದ್ದು, ತಮ್ಮನ್ನು ಎರಡನೆಯದಕ್ಕೆ ಕಳುಹಿಸಬೇಕೆಂದು ಅಳುತ್ತಿದ್ದರಂತೆ. ನಗರದ ಬಡ ಹೆಂಗಸರಿಗೆ ಗೊತ್ತಿದ್ದ ಸತ್ಯವನ್ನು ವಿದ್ವಾಂಸರು ಗಾಳಿಯ ದೋಷವೆಂದೂ ಭಯದ ಪರಿಣಾಮವೆಂದೂ ವ್ಯಾಖ್ಯಾನಿಸುತ್ತಿದ್ದರು. ಸೆಮೆಲ್‌ವೈಸ್ ಎಂಬ ತರುಣ ವೈದ್ಯನು ಎರಡು ಶಾಲೆಗಳ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಕುಳಿತನು. ಶವಗಳನ್ನು ಕೊಯ್ದು ಬಂದ ಕೈಗಳಿಂದಲೇ ಹೆರಿಗೆ ಮಾಡಿಸುತ್ತಿದ್ದುದು ಮೊದಲನೆಯ ಶಾಲೆಯಲ್ಲಿ ಮಾತ್ರ ಎಂಬುದು ಆತನಿಗೆ ಹೊಳೆಯಿತು. 1847ರ ಮೇ ತಿಂಗಳಿನಿಂದ ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿಸಿದನು. 1848ರಲ್ಲಿ ಅದೇ ಮೊದಲನೆಯ ಶಾಲೆಯಲ್ಲಿ 3556 ಹೆರಿಗೆಗಳಿಗೆ ಮರಣಗಳು 45. ರೋಗಾಣುಗಳ ಶಾಸ್ತ್ರವು ಆಗ ಇನ್ನೂ ಹುಟ್ಟಿರಲಿಲ್ಲ. ತಾಯಂದಿರನ್ನು ಉಳಿಸಿದ್ದು ಎರಡು ಪುಸ್ತಕಗಳ ಹೋಲಿಕೆ. ಹಿರಿಯರು ಆತನನ್ನು ಸನ್ಮಾನಿಸಲಿಲ್ಲವೆಂಬುದೂ, ಆತನು ಹುಚ್ಚರ ಆಸ್ಪತ್ರೆಯಲ್ಲಿ 1865ರಲ್ಲಿ ತೀರಿಕೊಂಡನೆಂಬುದೂ ಚರಿತ್ರೆಯಲ್ಲಿದೆ. ತಮ್ಮ ಕೈಗಳೇ ಮೃತ್ಯುವನ್ನು ಹೊತ್ತು ತರುತ್ತಿದ್ದುವೆಂದು ಅಂಗೀಕರಿಸುವುದು ಪ್ರಾಮಾಣಿಕರಾದ ವೈದ್ಯರಿಗೂ ದುಸ್ಸಹವಾಯಿತು.

ಹೀಗೆಂದ ಮಾತ್ರಕ್ಕೆ ಸತ್ತವರ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದು ಬಾಗಿಲಿಗೆ ತೂಗಿಬಿಟ್ಟರೆ ಧರ್ಮ ನೆರವೇರಿತೆಂದು ತಿಳಿಯಬಾರದು. ಅಲ್ಲಿ ಒಂದು ಘೋರವಾದ ಅನ್ಯಾಯ ಅಡಗಿದೆ. ಮಣಿಪಾಲದ ಆಸ್ಪತ್ರೆಗೆ ಬರುವವರು ಯಾರು? ಊರಿನ ವೈದ್ಯನು ಕೈಬಿಟ್ಟವರು, ತಾಲೂಕಿನ ಆಸ್ಪತ್ರೆಯವರು ಮುಂದಕ್ಕೆ ಕಳುಹಿಸಿದವರು, ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕವರು, ಆಗುಂಬೆಯ ಘಟ್ಟವನ್ನು ಆಂಬುಲೆನ್ಸಿನಲ್ಲಿ ಇಳಿದು ಬಂದವರು. ಸಾಮಾನ್ಯ ಹೆರಿಗೆಗಳನ್ನು ಮಾತ್ರ ಒಪ್ಪಿಕೊಂಡು, ತೊಡಕು ಕಂಡೊಡನೆ ಕೈತೊಳೆದುಕೊಳ್ಳುವ ಸಣ್ಣ ಆಸ್ಪತ್ರೆಯಲ್ಲಿ ವರುಷಕ್ಕೊಂದು ಮರಣವೂ ಆಗದಿರಬಹುದು. ಆ ತೊಡಕನ್ನೆಲ್ಲ ಮಡಿಲಿಗೆ ಹಾಕಿಕೊಳ್ಳುವ ದೊಡ್ಡ ಆಸ್ಪತ್ರೆಯಲ್ಲಿ ಹತ್ತು ಮರಣಗಳಾಗಬಹುದು. ಬರಿಯ ಸಂಖ್ಯೆಯನ್ನು ನೋಡಿದವನು ಮೊದಲನೆಯದನ್ನು ಹೊಗಳಿ ಎರಡನೆಯದನ್ನು ತೆಗಳುವನು.

ಚರಕನು ಈ ತೊಡಕನ್ನು ಎರಡು ಸಹಸ್ರ ವರ್ಷಗಳಷ್ಟು ಹಿಂದೆಯೇ ಕಂಡಿದ್ದನೆಂಬುದು ಆಶ್ಚರ್ಯಕರವಾದ ಸಂಗತಿ. ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಪ್ರತ್ಯಾಖ್ಯೇಯ ಎಂದು ಆತನು ರೋಗಗಳನ್ನು ವಿಂಗಡಿಸಿದನು. ಸುಲಭವಾಗಿ ಗುಣವಾಗುವುದು, ಕಷ್ಟದಿಂದ ಗುಣವಾಗುವುದು, ಗುಣವಾಗದಿದ್ದರೂ ಹತೋಟಿಯಲ್ಲಿ ಇಡಬಹುದಾದುದು, ಕೈಬಿಡತಕ್ಕುದು ಎಂಬುದು ಆ ನಾಲ್ಕರ ಅರ್ಥ. ಅಸಾಧ್ಯವಾದ ರೋಗಕ್ಕೆ ಕೈಯಿಕ್ಕಿದ ವೈದ್ಯನಿಗೆ ಅರ್ಥಹಾನಿ, ವಿದ್ಯಾಹಾನಿ, ಯಶೋಹಾನಿಗಳು ತಪ್ಪವೆಂದೂ ಎಚ್ಚರಿಸಿದನು. ಶಾಸ್ತ್ರಕಾರನ ಎಚ್ಚರಿಕೆ ವೈದ್ಯನಿಗೆ ಹಿತಕರವೇ ಸರಿ. ಆದರೆ ಪ್ರತ್ಯಾಖ್ಯೇಯನೆಂದು ಹೊರಗೆ ಕಳುಹಿಸಲ್ಪಟ್ಟ ಆ ರೋಗಿಯು ಎಲ್ಲಿಗೆ ಹೋಗಬೇಕು? ಕೀರ್ತಿಯ ಭಯದಿಂದ ವೈದ್ಯನು ಕಠಿಣವಾದ ರೋಗಿಯನ್ನು ದೂರವಿಡುವನೆಂಬುದೇ ಈ ಲೆಕ್ಕಪದ್ಧತಿಗೆ ಇರುವ ಅತಿದೊಡ್ಡ ಅಪಾಯ.

ಅಮೇರಿಕದಲ್ಲಿ ಇದು ಪ್ರತ್ಯಕ್ಷವಾಗಿ ನಡೆದಿದೆ. ನ್ಯೂಯಾರ್ಕ್ ಸಂಸ್ಥಾನದಲ್ಲಿ 1989ರಿಂದ ಹೃದಯದ ಬೈಪಾಸ್ ಶಸ್ತ್ರಕ್ರಿಯೆಯ ಫಲವನ್ನು ಆಸ್ಪತ್ರೆವಾರಾಗಿ ಸಂಗ್ರಹಿಸಿ, ಬಳಿಕ ಪ್ರಕಟಿಸಿದರು. ರೋಗಿಯ ವಯಸ್ಸು, ಹೃದಯದ ಬಲ, ಇತರ ವ್ಯಾಧಿಗಳು ಇವನ್ನೆಲ್ಲ ತೂಗಿ ಸರಿಪಡಿಸಿದ ಲೆಕ್ಕದಲ್ಲಿ ಮರಣಪ್ರಮಾಣವು 1989ರಲ್ಲಿ ನೂರಕ್ಕೆ 4.17 ಇದ್ದದ್ದು 1992ರಲ್ಲಿ 2.45ಕ್ಕೆ ಇಳಿಯಿತು. ಹೆಸರು ಕೆಟ್ಟ ಆಸ್ಪತ್ರೆಗಳು ತಮ್ಮ ದೋಷಗಳನ್ನು ಹುಡುಕತೊಡಗಿದವು. ಆದರೆ ಇಂಥದೇ ಪ್ರಕಟನೆ ನಡೆಯುತ್ತಿದ್ದ ನೆರೆಯ ಪೆನ್ಸಿಲ್ವೇನಿಯಾದಲ್ಲಿ ಕೇಳಿ ನೋಡಿದಾಗ, ಅತಿ ಕಠಿಣ ಸ್ಥಿತಿಯ ರೋಗಿಗಳಿಗೆ ಶಸ್ತ್ರಕ್ರಿಯೆ ಮಾಡಲು ಮೊದಲಿನಷ್ಟು ಮನಸ್ಸಿಲ್ಲವೆಂದು ಶಸ್ತ್ರವೈದ್ಯರಲ್ಲಿ ನೂರಕ್ಕೆ 63 ಮಂದಿ ಉತ್ತರವಿತ್ತರೆಂದು 1996ರ ಒಂದು ಪರಿಶೋಧನೆ ಹೇಳುತ್ತದೆ. ಚರಕನು ಹೇಳಿದ ಯಶೋಹಾನಿಯ ಭಯ ಅದೇ. ಲೆಕ್ಕವು ಕೆಲವರನ್ನು ಉಳಿಸಿತು. ಅದೇ ಲೆಕ್ಕದ ಭಯವು ಕೆಲವರ ಪಾಲಿಗೆ ಬಾಗಿಲು ಮುಚ್ಚಿತು.

ಇದಕ್ಕೆ ಪರಿಹಾರವಿಲ್ಲವೆ? ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳವರು ತಾಳೆಯೋಲೆಯಿಂದ ಉದ್ಧರಿಸಿ 1909ರಲ್ಲಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದಲ್ಲಿ, ಈ ಸಂಬಂಧವಾಗಿ ಒಂದು ವಿಧಿಯಿದೆ. ಪ್ರಾಣಕ್ಕೆ ಅಪಾಯವುಳ್ಳ ರೋಗವನ್ನು ಅಧಿಕಾರಿಗಳಿಗೆ ತಿಳಿಸದೆಯೆ ಚಿಕಿತ್ಸೆಗೆ ತೊಡಗಿದ ವೈದ್ಯನ ಕೈಯಲ್ಲಿ ರೋಗಿ ಸತ್ತರೆ ಆ ವೈದ್ಯನಿಗೆ ಪ್ರಥಮ ದಂಡ; ಚಿಕಿತ್ಸೆಯ ತಪ್ಪಿನಿಂದಲೇ ಸತ್ತರೆ ಅದಕ್ಕಿಂತ ಮೇಲಾದ ಮಧ್ಯಮ ದಂಡ. ದಂಡದ ಮಾತನ್ನು ಬದಿಗಿಟ್ಟು ವಿಧಿಯ ಮರ್ಮವನ್ನು ನೋಡಬೇಕು. ಕೌಟಿಲ್ಯನು ಅಪಾಯವನ್ನು ಮೊದಲೇ ತಿಳಿಸಿರೆನ್ನುತ್ತಾನೆ. ರೋಗಿಯು ಯಾವ ಸ್ಥಿತಿಯಲ್ಲಿ ಬಂದನೆಂಬುದು ಚಿಕಿತ್ಸೆಗೆ ಮುಂಚೆಯೇ ಬರಹದಲ್ಲಿ ನಿಂತರೆ, ಪ್ರಾಮಾಣಿಕನಾದ ವೈದ್ಯನಿಗೆ ಅದೇ ರಕ್ಷಾಕವಚ. ಅನಂತರ ನೆಪ ಹುಡುಕುವವನಿಗೆ ಅದೇ ಸಂಕೋಲೆ. ಬಂದ ಸ್ಥಿತಿ ಮತ್ತು ಹೋದ ಸ್ಥಿತಿ, ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆದ ಲೆಕ್ಕವನ್ನು ಮಾತ್ರ ಪ್ರಕಟಿಸಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಪ್ರಕಟಿಸಿದರೆ ಅದು ಅರ್ಧ ಸತ್ಯವಾಗುವುದು.

ಮರಣವೊಂದೇ ಅಳತೆಯೂ ಅಲ್ಲ. ಹೊಟ್ಟೆ ಕೊಯ್ದು ಮಾಡುವ ಹೆರಿಗೆಯನ್ನೇ ತೆಗೆದುಕೊಳ್ಳಿರಿ. ತಾಯಿಯೋ ಕೂಸೋ ಅಪಾಯದಲ್ಲಿದ್ದಾಗ ಅದು ಪ್ರಾಣದಾನವೇ ಸರಿ. ಆದರೆ ಒಂದು ದೇಶದಲ್ಲಿ ಇಂಥ ಹೆರಿಗೆಗಳ ಪ್ರಮಾಣ ನೂರಕ್ಕೆ ಹತ್ತನ್ನು ಮೀರಿದ ಮೇಲೆ ಅದರಿಂದ ತಾಯಿ ಮಕ್ಕಳ ಮರಣ ಇನ್ನೂ ಕಡಿಮೆಯಾಗುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೇಳಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಸರಕಾರಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ ನೂರಕ್ಕೆ 14.3, ಖಾಸಗಿ ಆಸ್ಪತ್ರೆಗಳಲ್ಲಿ 47.4. ಕರ್ನಾಟಕದಲ್ಲಿ ಎಲ್ಲ ಹೆರಿಗೆಗಳನ್ನೂ ಸೇರಿಸಿದರೆ 2015-16ರಲ್ಲಿ 23.6 ಇದ್ದದ್ದು 31.5ಕ್ಕೆ ಏರಿತು. ಖಾಸಗಿ ಆಸ್ಪತ್ರೆಯ ಬಾಗಿಲು ದಾಟಿದೊಡನೆ ಹೆಂಗಸಿನ ದೇಹಪ್ರಕೃತಿಯೇ ಬದಲಾಗುವುದೆಂದು ಯಾರೂ ನಂಬಲಾರರು. ದೇಶದ ಮತ್ತು ರಾಜ್ಯದ ಲೆಕ್ಕ ಹೀಗೆ ಬಹಿರಂಗವಾಗಿದ್ದರೂ ಒಂದೊಂದು ಆಸ್ಪತ್ರೆಯ ಲೆಕ್ಕ ಗುಟ್ಟಾಗಿಯೇ ಉಳಿದಿದೆ. ಕೊಪ್ಪಳದ ಆ ಕೂಲಿಗನ ಹೆಂಡತಿಗೆ ಬೇಕಾದದ್ದಾದರೋ ದೇಶದ ಸರಾಸರಿಯಲ್ಲ, ತನ್ನ ಬೀದಿಯ ಆಸ್ಪತ್ರೆಯ ಲೆಕ್ಕ.

ಕರ್ನಾಟಕದಲ್ಲಿ ಈ ದಿಕ್ಕಿನಲ್ಲಿ ಏನೂ ನಡೆದಿಲ್ಲವೆಂದರೆ ಸುಳ್ಳಾದೀತು. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯನ್ನು 2017ರಲ್ಲಿ ತಿದ್ದಹೊರಟಾಗ ರಾಜ್ಯದ ಖಾಸಗಿ ವೈದ್ಯರು ನವೆಂಬರ್ ತಿಂಗಳಲ್ಲಿ ಆಸ್ಪತ್ರೆಗಳನ್ನು ಮುಚ್ಚಿ ಮುಷ್ಕರ ಹೂಡಿದರು. ಬೆಳಗಾವಿಯಲ್ಲಿ ವಿಧಾನಸಭೆ ಕೂಡಿದ್ದಿತು. ಊರೂರುಗಳಲ್ಲಿ ರೋಗಿಗಳು ಬಾಗಿಲಲ್ಲಿ ಕುಳಿತಿದ್ದರು. ಕಡೆಗೆ ಕಾಯಿದೆ ಮೃದುವಾಗಿ ಅಂಗೀಕೃತವಾಯಿತು. ರೋಗಿಗಳ ಹಕ್ಕುಪತ್ರ, ದರಗಳ ಪಟ್ಟಿಯನ್ನು ಕಾಣುವಂತೆ ಹಾಕುವುದು, ಜಿಲ್ಲೆಯಲ್ಲಿ ದೂರು ಕೇಳುವ ಪ್ರಾಧಿಕಾರ ಇಷ್ಟು ಅದರಲ್ಲಿ ಉಳಿದವು. ಹೀಗಾಗಿ ಚಿಕಿತ್ಸೆಗೆ ಎಷ್ಟು ಹಣವೆಂಬುದನ್ನು ಕಾಯಿದೆಯ ಮೇರೆಗೆ ಗೋಡೆಯ ಮೇಲೆ ಬರೆಯತಕ್ಕದ್ದು; ಆ ಹಣಕ್ಕೆ ದೊರೆಯುವ ಗುಣವೆಷ್ಟೆಂಬುದನ್ನು ಬರೆಯತಕ್ಕದ್ದೆಂಬ ವಿಧಿಯಿಲ್ಲ.

ತರುವಾಯ ಬಳ್ಳಾರಿಯ ದುರಂತ ಬಂದಿತು. 2024ರ ನವೆಂಬರಿನಲ್ಲಿ ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸ್ವಸ್ಥರಾಗಿ, ಡಿಸೆಂಬರಿನ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡರು. ನರಕ್ಕೆ ಹನಿಸಿದ ಲವಣದ್ರವದ ಮೇಲೆ ಸಂಶಯ ಬಿದ್ದಿತು. ಆ ಐದು ಮನೆಗಳ ಗೋಳು ರಾಜ್ಯವನ್ನು ಅಲ್ಲಾಡಿಸಿದ ಬಳಿಕ, ಒಂದು ಆಸ್ಪತ್ರೆಯ ವಿಚಾರಣೆಯಲ್ಲಿ ನಿಲ್ಲದೆ ಕರ್ನಾಟಕದಾದ್ಯಂತ ಸಂಭವಿಸಿದ ತಾಯಂದಿರ ಮರಣಗಳನ್ನು ಒಂದೊಂದಾಗಿ ಪರಿಶೋಧಿಸಿ 2025ರಲ್ಲಿ ಸರಕಾರವು ಅದರ ಸಾರವನ್ನು ಬಹಿರಂಗಪಡಿಸಿತು. 2024ರ ಏಪ್ರಿಲಿನಿಂದ ಡಿಸೆಂಬರಿನವರೆಗೆ ಮರಣಗಳು 464. ಅವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ತಪ್ಪಿಸಬಹುದಾಗಿದ್ದಂಥವು. ಈ ವಾಕ್ಯವನ್ನು ಒಂದು ಸರಕಾರ ತನ್ನ ಬಾಯಿಂದಲೇ ಹೇಳಿತೆಂಬುದು ಸಾಮಾನ್ಯ ಸಂಗತಿಯಲ್ಲ. ತಾಯಂದಿರ ಮರಣದ ಪ್ರಮಾಣವು ಒಟ್ಟಿನಲ್ಲಿ ಇಳಿಯುತ್ತಲೇ ಬಂದಿದೆ: ಲಕ್ಷ ಜೀವಂತ ಜನನಗಳಿಗೆ 2016-18ರಲ್ಲಿ 92 ಇದ್ದದ್ದು 2018-20ರಲ್ಲಿ 69. ಆದರೆ ಅದೇ ಕಾಲಕ್ಕೆ ಮಲ್ಪೆಯಿಂದ ಒಂದು ಹಗಲಿನ ದಾರಿಯಲ್ಲಿರುವ ಕೇರಳದಲ್ಲಿ ಅದು 19. ಇಳಿದದ್ದಕ್ಕೆ ಸಂತೋಷಪಡುವಾಗ ನೆರೆಯ ಮನೆಯ ಲೆಕ್ಕವನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಸರಕಾರವು ತನ್ನ ತಪ್ಪನ್ನು ಹೇಳಿಕೊಂಡಿತು. ಧರ್ಮಸಂಸ್ಥೆಗಳು ಯಾವಾಗ ಹೇಳಿಕೊಳ್ಳುವವು ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಕಷ್ಟ. ಮೈಸೂರು, ಬೆಳಗಾವಿ, ದಾವಣಗೆರೆ, ಚಿತ್ರದುರ್ಗಗಳಲ್ಲಿ ಮಠಗಳೂ ಲಿಂಗಾಯತ ವಿದ್ಯಾಸಂಸ್ಥೆಗಳೂ ದೊಡ್ಡ ಆಸ್ಪತ್ರೆಗಳನ್ನು ಕಟ್ಟಿವೆ. ಭಕ್ತರು ಕೊಟ್ಟ ಕಾಣಿಕೆಯ ಹಣದಲ್ಲಿ ಒಂದು ರೂಪಾಯಿಗೂ ಅಲ್ಲಿ ರಶೀದಿ ಉಂಟು, ವರುಷಕ್ಕೊಮ್ಮೆ ತಪಾಸಣೆ ಉಂಟು. ಇದೇ ಶಿಸ್ತನ್ನು ಚಿಕಿತ್ಸೆಯ ಫಲಕ್ಕೆ ವಿಸ್ತರಿಸುವುದಕ್ಕೆ ಯಾವ ಕಾಯಿದೆಯನ್ನೂ ಕಾಯಬೇಕಾಗಿಲ್ಲ. ಕಾಯಿದೆಗೆ ಅಂಜಿ ಮಾಡಿದ್ದು ವಿಧೇಯತೆ. ತಾನಾಗಿ ಮುಂದೆ ಬಂದು ಮಾಡಿದ್ದನ್ನು ಕಾಯಕವೆನ್ನಬಹುದು. ಭಂಡಾರದ ಬಾಗಿಲನ್ನು ತೆರೆದ ಬಸವಣ್ಣನವರ ಹೆಸರನ್ನು ಹೊತ್ತ ಸಂಸ್ಥೆಗಳೇ ಇದರಲ್ಲಿ ಮುಂದಾದರೆ ಇತರರು ಹಿಂದೆ ಬಂದಾರು.

ಮಾಡುವ ಬಗೆಯೂ ದುಸ್ಸಾಧ್ಯವಾದುದಲ್ಲ. ಮೊದಲಿಗೆ ಹೆರಿಗೆಯೊಂದನ್ನೇ ಹಿಡಿಯಬಹುದು. ಬಂದ ತಾಯಂದಿರು, ಬರುವಾಗಲೇ ತೊಡಕಿದ್ದವರು, ಹೊಟ್ಟೆ ಕೊಯ್ಯಬೇಕಾದವರು, ನಂಜೇರಿದವರು, ಬೇರೆಡೆಗೆ ಕಳುಹಿಸಲ್ಪಟ್ಟವರು, ತೀರಿಕೊಂಡವರು, ಉಳಿಯದ ಕೂಸುಗಳು ಎಂದು ಏಳು ಅಂಕಣಗಳ ಒಂದು ಹಾಳೆ ಸಾಕು. ಬೇರೆಡೆಗೆ ಕಳುಹಿಸಿದವರ ಅಂಕಣವನ್ನು ಬಿಡಬಾರದು; ಸಾವನ್ನು ಪಕ್ಕದ ಮನೆಯ ಪುಸ್ತಕಕ್ಕೆ ದಾಟಿಸುವ ಜಾಣತನವು ಅಲ್ಲಿಯೇ ಬಯಲಾಗುವುದು. ವೈದ್ಯರ ಹೆಸರನ್ನಾಗಲಿ ರೋಗಿಯ ಹೆಸರನ್ನಾಗಲಿ ಬರೆಯುವ ಕಾರಣವಿಲ್ಲ. ಒಬ್ಬ ವೈದ್ಯನ ಕೈಯಲ್ಲಿ ನಡೆದ ತಪ್ಪಿನ ಹಿಂದೆ ರಾತ್ರಿಯ ಪಾಳಿಯಲ್ಲಿ ನರ್ಸುಗಳು ಸಾಲದಿದ್ದುದು, ರಕ್ತ ದೊರೆಯದಿದ್ದುದು, ಆಂಬುಲೆನ್ಸು ತಡವಾದುದು ಇವೆಲ್ಲ ಇರುತ್ತವೆ. ಸಂಸ್ಥೆಯ ಹೆಸರು ಸಾಕು. ಲೆಕ್ಕವನ್ನು ಬರೆದವರೇ ಪರಿಶೋಧಿಸದೆ ಇನ್ನೊಂದು ಆಸ್ಪತ್ರೆಯವರು ಬಂದು ಪುಸ್ತಕಗಳನ್ನು ತಾಳೆ ನೋಡಬೇಕು. ಇನ್ನು, ವರುಷಕ್ಕೆ ನಲವತ್ತು ಹೆರಿಗೆಗಳಾಗುವ ಹಳ್ಳಿಯ ಆಸ್ಪತ್ರೆಯಲ್ಲಿ ಒಂದು ಮರಣವಾದರೆ ನೂರಕ್ಕೆ ಎರಡೂವರೆ ಎಂದು ಬರೆದು ಅದರ ಮಾನ ಕಳೆಯಬಾರದು. ಅಂಥಲ್ಲಿ ಐದು ವರುಷಗಳ ಲೆಕ್ಕವನ್ನು ಕೂಡಿಸಿಯೇ ಪ್ರಕಟಿಸತಕ್ಕದ್ದು.

ಪ್ರಕಟಿಸುವುದೆಂದರೆ ಅಚ್ಚು ಹಾಕಿಸಿ ಕಪಾಟಿನಲ್ಲಿ ಇಡುವುದೂ ಅಲ್ಲ. ಮಲ್ಪೆಯ ಬಂದರದಲ್ಲಿ ದುಡಿಯುವ ಎಷ್ಟೋ ಮಂದಿಗೆ ಅಕ್ಷರ ಬಾರದು. ಬಂದವರಿಗೂ ನೂರಕ್ಕಿಷ್ಟು ಎಂಬ ಮಾತು ತಲೆಗೆ ಹತ್ತದು. ನೂರು ಮಂದಿ ತಾಯಂದಿರು ಬಂದರು, ಇಷ್ಟು ಮಂದಿ ಸುಖವಾಗಿ ಹೋದರು ಎಂದು ಆಡುಮಾತಿನಲ್ಲಿ, ಕನ್ನಡದಲ್ಲಿಯೂ ತುಳುವಿನಲ್ಲಿಯೂ ಓದಿ ಹೇಳಬೇಕು. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಅರವತ್ತೊಂದು ದಿನಗಳಲ್ಲಿ ಬೋಟುಗಳೆಲ್ಲ ಧಕ್ಕೆಗೆ ಕಟ್ಟಿಕೊಂಡಿರುತ್ತವೆ, ಬಲೆ ಹೆಣೆಯುತ್ತ ಜನ ಕುಳಿತಿರುತ್ತಾರೆ. ಕಳೆದ ವರುಷದ ಲೆಕ್ಕವನ್ನು ಅವರೆದುರಿಗೆ ಓದುವುದಕ್ಕೆ ಅದೇ ತಕ್ಕ ಕಾಲ.